ನಾಯಿಯ ಅಂಜಿಕೆಗೆ ಗುಳಿಗೆ

ನಮ್ಮ ನಾಯಿಗೆ ನಾನು ಅಂಜಿಕೆಯ ಗುಳಿಗೆ ಕೊಡುತ್ತಿದ್ದೆ. ದನದ ಡಾಕ್ಟರು ಬರೆದ ಚೀಟಿ ತೋರಿಸಿ, ಮೆಡಿಕಲ್ ಅಂಗಡಿಯಿಂದ ತಂದು, ಹೊತ್ತು ತಪ್ಪದಂತೆ ನುಂಗಿಸುತ್ತಿದ್ದ ಗುಳಿಗೆ. ನನ್ನ ತವರು ಸವಣೂರಿನಲ್ಲಿ ಆಗ ಇದನ್ನು ಕೇಳಿ ನಗದವರೇ ಇರಲಿಲ್ಲ. ನಗಲಿ ಎಂದು ಬಿಟ್ಟೆ. ಈಗಲೂ ಯಾರಾದರೂ ನಕ್ಕರೆ ನಾನು ಸಿಟ್ಟಾಗುವುದಿಲ್ಲ. ಕೂಡಿಸಿಕೊಂಡು ಮೊದಲಿನಿಂದ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನನ್ನನ್ನು ಹಿರೇಕೆರೂರು ತಾಲೂಕಿನ ಹಂಸಭಾವಿಗೆ ಮದುವೆ ಮಾಡಿಕೊಟ್ಟಿದ್ದರು. ಹೊಲ, ಅಂಗಡಿ ಎರಡೂ ಇದ್ದ ಅನುಕೂಲಸ್ಥರ ಮನೆ. ಅಲ್ಲಿಗೆ ಹೋದ ಮೇಲೆ ನನಗೊಂದು ಬೇನೆ ಶುರುವಾಯಿತು. ರೊಟ್ಟಿ ಬಡಿಯುತ್ತ ಕೂತಿರುವಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಅಂಗೈ ತಣ್ಣಗಾಗುತ್ತಿತ್ತು. ಈ ಕ್ಷಣವೇ ಸತ್ತುಹೋಗುತ್ತೇನೆ ಅನ್ನಿಸಿ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ಗಾಳಿ ಬಡಿದಿದೆ ಎಂದು ಅತ್ತೆ ತಾಯತ ಕಟ್ಟಿಸಿದರು. ಸುದ್ದಿ ತಿಳಿದು ಅಪ್ಪ ಬಂದು ನನ್ನನ್ನು ಧಾರವಾಡದ ಡಾಕ್ಟರಿಗೆ ತೋರಿಸಿದ. ಅವರು ಕೊಟ್ಟ ಗುಳಿಗೆಯಿಂದ ಎದೆಬಡಿತ ಇಳಿಯಿತು, ಊಟ ಸೇರಿತು, ನಾನು ನಾನಾದೆ. ಆದರೆ ಟ್ರಂಕಿನಲ್ಲಿ ಸೀರೆಯ ಕೆಳಗಿಟ್ಟಿದ್ದ ಆ ಗುಳಿಗೆ ಒಂದು ದಿನ ಅತ್ತೆಯ ಕೈಗೆ ಸಿಕ್ಕಿತು.

"ಹುಚ್ಚಿನ ಗುಳಿಗಿ ತಿನ್ನಾಕಿನ್ನ ತಂದು ನಮ್ಮ ಕೊಳ್ಳಿಗೆ ಕಟ್ಟ್ಯಾರ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು.

ಗಂಡ ಮರುದಿನ ಸವಣೂರಿನ ಬಸ್ಸಿಗೆ ನನ್ನ ಟ್ರಂಕು ಏರಿಸಿದ, ನನ್ನನ್ನೂ ಏರಿಸಿದ.

ತವರಿನಲ್ಲಿ ಅವ್ವ ಮೊದಲು ಮಾಡಿದ ಕೆಲಸವೆಂದರೆ ನನ್ನ ಗುಳಿಗೆಗಳನ್ನು ಬಚ್ಚಲೊಲೆಗೆ ಹಾಕಿದ್ದು. "ಮೈಯಾಗ ಅರಾಮಿಲ್ಲ, ಅದಕ್ಕ ಬಂದಾಳ ಅಂತ ಮಂದಿಗೆ ಹೇಳ್ತೇನಿ. ನೀನೂ ಹಂಗ ಹೇಳು. ಇವನ್ನ ತಿನ್ನೋದು ಗೊತ್ತಾದ್ರ ಮತ್ತ ಆ ಮನಿ ಬಾಗಲಾ ತೆರಿಯೂದಿಲ್ಲ" ಅಂದಳು. ಅವಳ ಕಣ್ಣು ತುಂಬಿದ್ದವು. ಗುಳಿಗೆ ನಿಂತ ಮೇಲೆ ಬೇನೆ ಮತ್ತೆ ಬಂತು. ಈ ಸಲ ಓಡಲು ಜಾಗವಿತ್ತು: ಅಪ್ಪನ ವೀಳ್ಯದ ಎಲೆಬಳ್ಳಿ ತೋಟ. ನುಗ್ಗೆ, ಚೊಗಚೆ ಗಿಡಗಳಿಗೆ ಹಬ್ಬಿಸಿದ ಬಳ್ಳಿಗಳ ಸಾಲಿನ ನಡುವೆ ತಂಪಾದ ಕೆಸರಿನಲ್ಲಿ ಕಾಲಿಟ್ಟು ಕೂತರೆ ಉಸಿರು ತನ್ನಷ್ಟಕ್ಕೆ ಸರಿಹೋಗುತ್ತಿತ್ತು. ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದದ್ದು ಆ ನಾಯಿ.

ಅದು ಬೀದಿಯಿಂದ ತೋಟಕ್ಕೆ ಬಂದು ತಾನಾಗಿ ಉಳಿದುಕೊಂಡದ್ದು. ಮಣ್ಣಿನ ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ಹೆಸರಿಟ್ಟಿರಲಿಲ್ಲ. "ಕುರು ಕುರು" ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಮಂಗಗಳನ್ನು ಅಟ್ಟುವುದರಲ್ಲಿ ಅದರಷ್ಟು ಜೋರಿನದು ಸುತ್ತಮುತ್ತಲಿನ ತೋಟಗಳಲ್ಲಿ ಇರಲಿಲ್ಲ. ಅಪ್ಪ ಎಲೆ ಕೊಯ್ಯುವಾಗ ಬುಟ್ಟಿಯ ಬಳಿ ಕಾವಲು ಕೂರುತ್ತಿತ್ತು.

ಆ ಬೇಸಿಗೆ ತೋಟದ ಬಾವಿ ಬತ್ತುತ್ತ ಬಂತು. ತಳದಲ್ಲಿ ಬಂಡೆ. ಅದನ್ನು ಒಡೆಯಲು ಸಿಡಿಮದ್ದು ಇಡುವವರನ್ನು ಕರೆಸಿದರು. ಅವರು ಕುಳಿ ಕೊರೆದು, ಮದ್ದು ತುಂಬಿ, ಎಲ್ಲರನ್ನೂ ದೂರ ಕಳಿಸಿ, ಸುತ್ತಲೂ ಕೂಗಿ ಹೇಳಿ ಬತ್ತಿ ಹಚ್ಚಿದರು. ನಾಯಿ ಬಾವಿಯ ಪಕ್ಕದ ಕಲ್ಲಿನ ರಾಶಿಯ ನೆರಳಲ್ಲಿ ಮಲಗಿದ್ದನ್ನು ಯಾರೂ ನೋಡಿರಲಿಲ್ಲ. ಸಿಡಿದ ಸದ್ದಿಗೆ ನಮ್ಮ ಕಾಲ ಕೆಳಗಿನ ನೆಲ ಅದುರಿತು. ಧೂಳು ಇಳಿದ ಮೇಲೆ ನೋಡಿದರೆ ನಾಯಿ ಬಳ್ಳಿಸಾಲಿನ ಕೊನೆಯಲ್ಲಿ ಬೇಲಿಗೆ ಮೈ ಒತ್ತಿಕೊಂಡು ನಿಂತಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ನಾನು ಕರೆದರೆ ನನ್ನನ್ನು ನೋಡಿತು, ಆದರೆ ಯಾರೆಂದು ಅದಕ್ಕೆ ಗೊತ್ತಾಗಲಿಲ್ಲ.

ಅಂದಿನಿಂದ ಅದು ಬೇರೆಯೇ ನಾಯಿ. ಪಂಪ್‌ಸೆಟ್ ಶುರುವಾದರೆ ನಡುಗುತ್ತಿತ್ತು. ಬಸ್ಸಿನ ಹಾರ್ನು, ಮದುವೆಯ ಬ್ಯಾಂಡು, ಕೊನೆಗೆ ಅವ್ವ ಕೊಡಪಾನ ಕೆಳಗಿಟ್ಟರೂ ಸಾಕು, ತೋಟಕ್ಕೆ ತಗುಲಿದ ನಮ್ಮ ಮನೆಯೊಳಗೆ ಓಡಿ ಕಾಳಿನ ಚೀಲಗಳ ಹಿಂದೆ ಸೇರಿಕೊಳ್ಳುತ್ತಿತ್ತು. ಬಾಗಿಲು ಹಾಕಿದ್ದರೆ ಬಾಗಿಲನ್ನೇ ಕೆರೆಯುತ್ತಿತ್ತು, ಕಚ್ಚುತ್ತಿತ್ತು. ಉಗುರು ಕಿತ್ತುಬಂದವು. ಅನ್ನ ಬಿಟ್ಟಿತು. ನಾನು ಅದರ ಎದೆಯ ಮೇಲೆ ಕೈಯಿಟ್ಟು ನೋಡಿದೆ. ಆ ಹೊಡೆತ ನನಗೆ ಗೊತ್ತಿದ್ದದ್ದೇ.

ಮುಂಗಾರಿನ ಮೊದಲ ಗುಡುಗು ಬಂದ ಮಧ್ಯಾಹ್ನ ಅದು ತೋಟದ ಬೇಲಿ ಹಾರಿ ಊರೊಳಗೆ ಓಡಿತು. ಬಾಗಿಲು ಕಚ್ಚಿ ಒಸಡು ಹರಿದಿತ್ತು, ಬಾಯಿಂದ ಜೊಲ್ಲು, ರಕ್ತ. ನೋಡಿದವರು ಇನ್ನೇನು ಅಂದುಕೊಂಡಾರು? "ಹುಚ್ಚನಾಯಿ!" ಎಂದು ಕೂಗೆದ್ದಿತು. ಬಡಿಗೆ ಹಿಡಿದ ಗಂಡಸರು ಅದನ್ನು ಒಂದು ಗೋಡೆಯ ಮೂಲೆಗೆ ಒತ್ತಿದರು. ನಾನು ಹಿಂದೆಯೇ ಓಡಿಬಂದಿದ್ದೆ. ನುಗ್ಗಿ ಹೋಗಿ ನಾಯಿಗೂ ಬಡಿಗೆಗಳಿಗೂ ನಡುವೆ ನಿಂತೆ.

ಆ ಗುಂಪಿನಲ್ಲಿ ನನ್ನ ಕಾಕಾನೂ ಇದ್ದ. ಅಪ್ಪನ ತಮ್ಮ. ನಮ್ಮ ಮನೆಯಲ್ಲೇ ಇದ್ದವನು. ಊರಿನಲ್ಲಿ ಮನೆತನದ ಮರ್ಯಾದೆ ಕಾಯುವ ಹೊಣೆ ತನ್ನದೇ ಎಂದು ತಿಳಿದವನು.

"ಸರಿ ಆಕಡೆ! ನಿನಗ ಕಚ್ಚಿದ್ರ ಏನ್ ಮಾಡ್ತಿ?" ಅಂದ.

"ಇದು ಹುಚ್ಚನಾಯಿ ಅಲ್ಲ ಕಾಕಾ. ಅಂಜೈತಿ ಅಷ್ಟ."

"ಅಂಜಿದ ನಾಯಿ ಬಾಲ ಮುದುರಿಕೊಂಡು ಕುಂದರತೈತಿ. ಹಿಂಗ ರಕ್ತಾ ಕಾರತೈತೇನು? ಬಡೀರೋ!"

"ಮೊದ್ಲ ನನ್ನ ಬಡೀರಿ" ಅಂದೆ.

ಯಾರ ಬಡಿಗೆಯೂ ಏಳಲಿಲ್ಲ. ಗಂಡನ ಮನೆ ಬಿಟ್ಟು ಬಂದವಳು, ಇವಳಿಗೂ ತಲೆ ಸರಿಯಿಲ್ಲವಂತೆ ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿಸಿತು. ಕೇಳಿಸಲಿ ಎಂದೇ ಅಂದದ್ದು. ಆದರೂ ನಿಂತೇ ಇದ್ದೆ. ಅಷ್ಟರಲ್ಲಿ ಅಪ್ಪ ಗೋಣಿಚೀಲ, ಹಗ್ಗ ತೆಗೆದುಕೊಂಡು ಬಂದ. ನಾಯಿಯ ಮೇಲೆ ಚೀಲ ಹಾಕಿ, ಬಾಯಿ ಕೈಗೆ ತಾಗದ ಹಾಗೆ ಸುತ್ತಿ, ಎತ್ತಿಕೊಂಡು ಮನೆಗೆ ಒಯ್ದೆವು.

"ಶಿಗ್ಗಾವಿಗೆ ಹೊಸಾ ದನದ ಡಾಕ್ಟರ್ ಬಂದಾರಂತ. ನಾಳೆ ಬಂಡಿ ಕಟ್ಟತೇನಿ" ಅಂದ ಅಪ್ಪ. ಕಾಕಾ ಜಗಲಿಯ ಮೇಲೆ ನಿಂತು ನಕ್ಕ. ನಾಯಿ ಸಲುವಾಗಿ ಬಂಡಿ ಕಟ್ಟಿದ ಮೊದಲನೇ ಮನುಷ್ಯ ತನ್ನ ಅಣ್ಣನೇ ಇರಬೇಕು ಎಂದ. ಅಪ್ಪನದು ಮಾತು ಕಡಿಮೆ. ಆದರೆ ಒಮ್ಮೆ ಎತ್ತಿಗೆ ನೊಗ ಹೂಡಿದರೆ ಇಳಿಸುವವನಲ್ಲ.

ಶಿಗ್ಗಾವಿಯ ದನದ ದವಾಖಾನೆ ಎಂದರೆ ಒಂದು ಹಂಚಿನ ಕಟ್ಟಡ, ಮುಂದೆ ಎಮ್ಮೆಗಳನ್ನು ನಿಲ್ಲಿಸಲು ಕಟ್ಟಿಗೆಯ ಕಟಕಟೆ. ಡಾಕ್ಟರು ಮೈಸೂರು ಕಡೆಯವರು, ಇನ್ನೂ ಹುಡುಗುಮುಖ. ನಾಯಿಯನ್ನು ಕತ್ತಲು ಕೋಣೆಯಲ್ಲಿ ಬಿಟ್ಟು, ಸದ್ದು ಮಾಡದೆ ದೂರದಲ್ಲಿ ಕೂತು ಬಹಳ ಹೊತ್ತು ನೋಡಿದರು. ಅದು ಸುಮ್ಮನಾದ ಮೇಲೆ ನೀರಿಟ್ಟರು. ಕುಡಿಯಿತು. ರೊಟ್ಟಿ ಹಾಕಿದರು. ಮೂಸಿ, ತಿಂದಿತು. ಆಮೇಲೆ ಅದರ ಒಸಡು, ಉಗುರು ನೋಡಿ, ಬಾವಿಯ ಮದ್ದಿನ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು.

"ಇದಕ್ಕೆ ಹುಚ್ಚು ಅಂತ ನನಗನ್ನಿಸೋಲ್ಲ. ಆದರೂ ಒಂದಷ್ಟು ದಿನ ಯಾರಿಗೂ ಕಚ್ಚದ ಹಾಗೆ ಕಟ್ಟಿ ಹಾಕಿ ನೋಡಿ. ಹುಚ್ಚಾಗಿದ್ದರೆ ಬೇಗ ಗೊತ್ತಾಗುತ್ತೆ. ಅಲ್ಲದಿದ್ದರೆ ವಾಪಸ್ಸು ಬನ್ನಿ" ಅಂದರು.

ಕಟ್ಟಿ ಹಾಕಿದೆವು. ನಾಯಿ ಅನ್ನ ತಿಂದಿತು, ನೀರು ಕುಡಿಯಿತು, ನನ್ನ ಕೈ ನೆಕ್ಕಿತು, ಸದ್ದಾದಾಗ ನಡುಗಿತು. ಬೇರೇನೂ ಆಗಲಿಲ್ಲ. ನಾನೊಬ್ಬಳೇ ಬಸ್ಸಿನಲ್ಲಿ ಶಿಗ್ಗಾವಿಗೆ ಹೋಗಿ ಡಾಕ್ಟರಿಗೆ ಹೇಳಿದೆ.

"ಹಾಗಾದರೆ ಇದು ಹೆದರಿಕೆ. ಹೆದರಿಕೆ ಅಂದರೆ ಸುಮ್ಮನೆ ಅಲ್ಲಮ್ಮ, ಇಷ್ಟು ಬೆಳೆದ ಮೇಲೆ ಅದೂ ಒಂದು ಕಾಯಿಲೆಯೇ. ಕಾಯಿಲೆ ಅಂದಮೇಲೆ ಔಷಧಿ ಕೊಡಬೇಕು. ಬೈದರೆ, ಹೊಡೆದರೆ, ಕಟ್ಟಿ ಹಾಕಿದರೆ ವಾಸಿಯಾಗಲ್ಲ" ಅಂದರು.

ಅವರು ನಾಯಿಯ ಬಗ್ಗೆ ಹೇಳುತ್ತಿದ್ದರು. ನನಗೆ ಮಾತ್ರ ಕಿವಿ ಬಿಸಿಯಾಯಿತು. ನನ್ನ ವಿಷಯದಲ್ಲಿ ಇಷ್ಟು ದಿನ ಒಬ್ಬರಾದರೂ ಈ ಮಾತನ್ನು ನನ್ನ ಮನೆಯವರ ಮುಂದೆ ಹೀಗೆ ಹೇಳಿದ್ದರೆ ಅನ್ನಿಸಿತು.

"ಔಷಧಾ ಐತೇನ್ರಿ ನಾಯಿಗೆ?"

"ಮನುಷ್ಯರಿಗೆ ಕೊಡೋ ಮಾತ್ರೆಯೇ, ಲೆಕ್ಕ ಬೇರೆ. ನಾನು ಇಲ್ಲಿಗೆ ಬಂದಮೇಲೆ ನೋಡಿದ್ದೆಲ್ಲ ಎತ್ತು, ಎಮ್ಮೆ. ನಾಯಿಯ ಹೆದರಿಕೆಗೆ ಇದನ್ನು ಬರೆದುಕೊಡ್ತಿರೋದು ನಾನೂ ಇದೇ ಮೊದಲು. ಓದಿದ್ದೇನೆ, ನೋಡಿಕೊಂಡು ಕೊಡೋಣ. ಆದರೆ ಎರಡು ಮಾತು ನೆನಪಿಡಿ. ನಿಮ್ಮ ಮನಸ್ಸಿಗೆ ಬಂದ ಹಾಗೆ ಹೆಚ್ಚು ಕಡಿಮೆ ಮಾಡಬೇಡಿ. ಮತ್ತೆ, ನನ್ನನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ."

ಚೀಟಿ ಹಿಡಿದು ಸವಣೂರಿಗೆ ಬಂದು ಬಸ್ ನಿಲ್ದಾಣದ ಬಳಿಯ ಮೆಡಿಕಲ್ ಅಂಗಡಿಗೆ ಹೋದೆ. ಅಂಗಡಿಯವನು ಓದಿ, ನನ್ನನ್ನು ನೋಡಿ, ಮತ್ತೆ ಓದಿದ. ನಿಂತಿದ್ದ ಗಿರಾಕಿಗಳೂ ನನ್ನ ಕಡೆ ತಿರುಗಿದರು.

"ಇದು ಮನುಷ್ಯಾರ ಗುಳಿಗಿರಿ. ತಲಿ ಸರಿ ಇಲ್ಲದವ್ರಿಗೆ ಕೊಡೂದು. ನಾಯಿಗೆ ಅಂತ ಬರದಾರಲ್ಲ?"

"ನಾಯಿಗೇರಿ. ಬರದವ್ರು ದನದ ಡಾಕ್ಟರ್. ಸಹಿ ಐತಿ ನೋಡ್ರಿ."

"ಯಾವ ನಾಯಿಗೆ ಯಾರು ಗುಳಿಗಿ ಹಾಕ್ತಾರವ್ವಾ? ನಿಮ್ಮ ಅಪ್ಪಾರನ್ನ ಕಳಸು. ನೀ ಕೇಳಿದ್ದು ಕೊಟ್ಟು ಆಮ್ಯಾಲೆ ಏನರ ಹೆಚ್ಚುಕಮ್ಮಿ ಆದ್ರ ನನ್ನ ಕುತ್ತಿಗಿಗೆ ಬರತೈತಿ."

ಅವನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಯಿತು. ಗಂಡ ಬಿಟ್ಟ ಹೆಣ್ಣು ನಿದ್ದೆ ಬರುವ ಗುಳಿಗೆ ಕೇಳುತ್ತಿದ್ದಾಳೆ, ನಾಯಿಯ ನೆಪ ಹೇಳುತ್ತಿದ್ದಾಳೆ ಎಂದು. ಅವನು ಕೆಟ್ಟವನಲ್ಲ, ಅಂಜಿದ್ದ. ಆದರೆ ಅಲ್ಲಿ ನಿಂತವರ ತುಟಿಯಂಚಿನ ನಗೆ ನೋಡಿ ನನ್ನ ಒಳಗೆ ಏನೋ ನೆಟ್ಟಗೆ ಎದ್ದು ನಿಂತಿತು.

"ಕೇಳ್ರಿಲ್ಲೆ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಇಂಥಾ ಗುಳಿಗಿ ನಂಗೂ ಧಾರವಾಡದ ಡಾಕ್ಟರ್ ಕೊಟ್ಟಿದ್ರು. ತೊಗೊಂಡು ಅರಾಮಾಗಿದ್ದೆ. ತಿಂದ್ರ ಮಂದಿ ಏನಂತಾರಂತ ಬಿಟ್ಟೇನಿ, ಮತ್ತ ಬೇನಿ ಬಂದೈತಿ. ಇದನ್ನ ನಾನ ಹೇಳಾಕತ್ತೇನಿ, ನೀವು ಹಿಂದಿನಿಂದ ಪಿಸುಪಿಸು ಅನ್ನೂದು ಬ್ಯಾಡ. ಇವತ್ತ ನಾ ಕೇಳಾಕ ಬಂದದ್ದು ನಾಯಿಗೆ. ಸಾಯಾಕ ಅಲ್ರಿ, ಬದುಕಾಕ. ಕೊಡ್ರಿ."

ಅಂಗಡಿಯವನು ಒಂದು ವಾರಕ್ಕೆ ಆಗುವಷ್ಟು ಮಾತ್ರ ಕಟ್ಟಿಕೊಟ್ಟ. ಮುಂದಿನ ಸಲ ಅಪ್ಪ ನಾಯಿಯನ್ನೇ ಅಂಗಡಿಯ ಮುಂದೆ ಕರೆದುಕೊಂಡು ಹೋಗಿ, "ಇಗೋ, ಗುಳಿಗಿ ತಿನ್ನಾವ್ರು ಬಂದಾರ" ಎಂದನಂತೆ. ಅಪ್ಪ ಹಾಸ್ಯ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ಬೇರೆಯವರ ಬಾಯಿಂದ.

ನಾನು ಅಂಗಡಿಗೆ ಹೋದ ದಿನ ಸಂಜೆಯೊಳಗೇ ಊರಿಗೆ ಊರೇ ನನ್ನ ಮಾತನ್ನು ಕೇಳಿತ್ತು. ಅವ್ವ ನನ್ನ ಜೊತೆ ಮಾತು ಬಿಟ್ಟಳು.

ಗುಳಿಗೆ ಕೊಡುವುದು ಸುಲಭವಾಗಿರಲಿಲ್ಲ. ಬೆಣ್ಣೆಯಲ್ಲಿಟ್ಟರೆ ಬೆಣ್ಣೆ ತಿಂದು ಗುಳಿಗೆಯನ್ನು ನೆಲಕ್ಕೆ ಉಗುಳುತ್ತಿತ್ತು. ಕೊನೆಗೆ ಬಿಸಿ ರೊಟ್ಟಿಯ ಪದರು ಬಿಡಿಸಿ, ಹಾಲಿನ ಕೆನೆ ಸವರಿ, ಒಳಗೆ ಮಡಚಿಟ್ಟರೆ ನುಂಗಿತು. ಮೊದಲ ದಿನಗಳಲ್ಲಿ ಅದು ಇಡೀ ದಿನ ಮಲಗಿತು. ಎದ್ದರೆ ಹಿಂಗಾಲು ತೊಡರುತ್ತಿದ್ದವು. ಅವ್ವ ಮಾತು ಬಿಟ್ಟದ್ದನ್ನೂ ಮರೆತು, "ಕೊಂದಿ ನೋಡು, ಮೂಕ ಪ್ರಾಣಿನ್ನ ಕೊಂದಿ" ಎಂದು ಅತ್ತಳು. ನನಗೂ ಎದೆ ಒಡೆಯಿತು. ಬಸ್ಸು ಹಿಡಿದು ಶಿಗ್ಗಾವಿಗೆ ಓಡಿದೆ. ಡಾಕ್ಟರು ಗಾಬರಿಯಾಗಲಿಲ್ಲ. ಎಲ್ಲ ಕೇಳಿಕೊಂಡು, ಲೆಕ್ಕ ಇಳಿಸಿ ಕೊಟ್ಟರು.

"ಮಾತ್ರೆ ಕೆಲಸ ಮಾಡೋದು ಅರ್ಧ ಮಾತ್ರ. ಅದು ಹೆದರಿಕೆಯ ಸದ್ದು ಅಡಗಿಸುತ್ತೆ, ಅಷ್ಟೆ. ಆ ಹೊತ್ತಿನಲ್ಲಿ ನೀವು ಅದಕ್ಕೆ ಹೊಸದಾಗಿ ಕಲಿಸಬೇಕು. ಸಣ್ಣ ಸದ್ದು ಮಾಡಿ, ಕೂಡಲೇ ತಿನ್ನೋಕೆ ಏನಾದರೂ ಕೊಡಿ. ಸದ್ದು ಬಂದರೆ ಒಳ್ಳೇದಾಗುತ್ತೆ ಅಂತ ಅದಕ್ಕೆ ತಿಳಿಯಲಿ" ಅಂದರು.

ಹಾಗೆ ಶುರುವಾಯಿತು ನಮ್ಮ ಪಾಠ. ನಾನು ನಾಯಿಯ ಬಳಿ ಕೂರುತ್ತಿದ್ದೆ, ಅವ್ವ ತೋಟದ ಆ ತುದಿಯಿಂದ ಹಿತ್ತಾಳೆ ತಾಟಿಗೆ ಚಮಚೆಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಹೌದು, ಅವ್ವನೇ. ಕಣ್ಣೆದುರಿಗೆ ನಾಯಿ ಸುಧಾರಿಸುವುದು ಕಂಡಮೇಲೆ ಅವಳ ಬಿಗಿ ಸಡಿಲಿತ್ತು. ತಟ್ಟಿದಾಗಲೆಲ್ಲ ನಾನು ಬೆಲ್ಲದ ಚೂರೋ ರೊಟ್ಟಿಯ ಅಂಚೋ ಕೊಡುತ್ತಿದ್ದೆ. ದಿನ ಕಳೆದಂತೆ ಅವ್ವ ಒಂದೊಂದೇ ಸಾಲು ಹತ್ತಿರ ಬಂದಳು. ಅಪ್ಪ ಪಂಪ್‌ಸೆಟ್ ಚಾಲೂ ಮಾಡುವ ಮುಂಚೆ ನಮಗೆ ಕೂಗಿ ಹೇಳುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಪಂಪಿನ ಸದ್ದಿಗೆ ತಲೆಯೆತ್ತಿ ನನ್ನ ಕೈ ನೋಡುತ್ತಿತ್ತು, ಏನು ಕೊಡುತ್ತಾಳೆ ಎಂದು. ಮಂಗಗಳನ್ನು ಮತ್ತೆ ಅಟ್ಟತೊಡಗಿತು.

ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ದೀಪಾವಳಿಯ ನಂತರ ಕೊರಳಿಗೆ ಕೊಬ್ಬರಿ ಕಟ್ಟಿದ ಹೋರಿಗಳನ್ನು ಜನರ ನಡುವೆ ಓಡಿಸುತ್ತಾರೆ. ಕಾಕಾ ಅದಕ್ಕೆಂದೇ ಒಂದು ಹೋರಿ ಸಾಕಿದ್ದ. ಹಾನಗಲ್ ಕಡೆಯ ಹಳ್ಳಿಗಳಿಗೆಲ್ಲ ಒಯ್ಯುತ್ತಿದ್ದ. ಹೋರಿಯವರು ಕೂಡಿದಲ್ಲಿ ಯಾರೋ ಅವನನ್ನು ಕೆಣಕಿದರಂತೆ: "ನಿಮ್ಮ ಮನ್ಯಾಗ ಮಗಳಿಗೂ ನಾಯಿಗೂ ಒಂದ ಔಷಧಾ ಅಂತಲ್ರೀ? ಹೋರಿಗೂ ಹಾಕೀರೇನು?"

ಅವನು ಮನೆಗೆ ಬಂದವನೇ ಅಡುಗೆಮನೆಯ ಕಪಾಟಿನಿಂದ ಗುಳಿಗೆ ತೆಗೆದು ಹಿತ್ತಲ ತಿಪ್ಪೆಗೆ ಎಸೆದು, ಸಗಣಿ ಎಳೆದು ಮುಚ್ಚಿದ. ನನಗೆ ಹೇಳಲೂ ಇಲ್ಲ. ಕಾಣದೆ ಹುಡುಕುತ್ತಿದ್ದಾಗ ಅವನೇ ಅಂದ: "ಹುಡುಕಬ್ಯಾಡ, ಒಗದೇನಿ. ನಾಯಿ ನಾಯಿ ಇದ್ದಂಗ ಇರ್ಲಿ."

ಮೆಡಿಕಲ್ ಅಂಗಡಿ ಹಬ್ಬಕ್ಕೆ ಬಾಗಿಲು ಹಾಕಿತ್ತು. ಶಿಗ್ಗಾವಿಯ ಡಾಕ್ಟರು ಊರಿಗೆ ಹೋಗಿದ್ದರು. ಒಮ್ಮೆಲೇ ನಿಲ್ಲಿಸಬೇಡಿ ಎಂದು ಅವರು ಯಾಕೆ ಹೇಳಿದ್ದರೆಂದು ನನಗೆ ಕಣ್ಣಾರೆ ತಿಳಿಯಿತು. ನಾಯಿ ಮೊದಲಿಗಿಂತ ಕೆಟ್ಟದಾಗಿ ನಡುಗಿತು. ಒಂದು ಗಳಿಗೆ ಕೂರಲಿಲ್ಲ, ನಿಲ್ಲಲಿಲ್ಲ. ಹಬ್ಬದ ಬೆಳಿಗ್ಗೆ ಓಣಿಯಲ್ಲಿ ಪಟಾಕಿ ಸರ ಹೊತ್ತಿದಾಗ ಹಿತ್ತಲ ತಗಡಿನ ಬಾಗಿಲನ್ನು ಸೀಳಿಕೊಂಡು ಹೊರಗೆ ಹಾರಿತು. ತಗಡಿನ ಅಂಚಿನಲ್ಲಿ ರಕ್ತ ಅಂಟಿತ್ತು.

ಅಪ್ಪ ಒಂದು ದಿಕ್ಕಿಗೆ, ನಾನು ಶಿಗ್ಗಾವಿ ರಸ್ತೆಗೆ ಹೊರಟೆವು. ಬಿಸಿಲೇರುವವರೆಗೆ ನಡೆದೆ. ಕುರು ಕುರು ಎಂದು ಕೂಗಿ ಗಂಟಲು ಒಣಗಿತು. ಕುರಿ ಕಾಯುವ ಮುದುಕಿಯೊಬ್ಬಳು ರಸ್ತೆಯ ಕೆಳಗಿನ ಮೋರಿಯನ್ನು ತೋರಿಸಿದಳು. ಬಗ್ಗಿ ನೋಡಿದರೆ ಸಿಮೆಂಟಿನ ಕೊಳವೆಯ ನಡುಮಧ್ಯದಲ್ಲಿ ಅದರ ಕಣ್ಣು ಹೊಳೆದವು. ಕರೆದರೆ ಬರಲಿಲ್ಲ. ನಾನು ಸೀರೆ ಎತ್ತಿ ಕಟ್ಟಿಕೊಂಡು ತೆವಳಿ ಒಳಗೆ ಹೋದೆ.

ಅರ್ಧ ದಾರಿಯಲ್ಲಿ ನನ್ನ ಬೇನೆ ಬಂತು. ಇಕ್ಕಟ್ಟಿನ ಜಾಗ, ಮೇಲೆ ಲಾರಿ ಹೋದಾಗ ಕೊಳವೆಯೆಲ್ಲ ಗುಡುಗಿತು. ಎದೆ ಬಾಯಿಗೆ ಬಂದಹಾಗಾಯಿತು. ಹಿಂದೆ ಸರಿಯಲೂ ಆಗಲಿಲ್ಲ, ಮುಂದೆ ಹೋಗಲೂ ಆಗಲಿಲ್ಲ. ನಾಯಿ ತಾನೇ ತೆವಳಿ ಬಂದು ನನ್ನ ತೋಳಿನ ಕೆಳಗೆ ಮೂತಿ ತೂರಿಸಿತು. ಅದರ ತೊಡೆ ಸೀಳಿತ್ತು. ಇಬ್ಬರೂ ನಡುಗುತ್ತ ಅಲ್ಲೇ ಬಿದ್ದುಕೊಂಡಿದ್ದೆವು. ಎಷ್ಟು ಹೊತ್ತೋ ತಿಳಿಯದು. ಅಂಜಿಕೆಗಿಂತ ಹೆಚ್ಚಾಗಿ ನನಗೆ ಆಗ ಬಂದದ್ದು ಸಿಟ್ಟು. ಬೆಂಕಿಯಂಥ ಸಿಟ್ಟು. ಇದಕ್ಕೂ ಔಷಧವಿದೆ, ನನಗೂ ಔಷಧವಿದೆ. ಎರಡನ್ನೂ ನಮ್ಮ ಕೈಯಿಂದ ಕಿತ್ತುಕೊಂಡು, ಒಂದನ್ನು ಒಲೆಗೆ ಒಂದನ್ನು ತಿಪ್ಪೆಗೆ ಹಾಕಿ, ಆಮೇಲೆ ನಮ್ಮನ್ನು ನೋಡಿ ಹುಚ್ಚು ಅನ್ನುತ್ತಾರೆ. ಯಾಕೆ ಅನ್ನಿಸಿಕೊಳ್ಳಬೇಕು? ಆ ಸಿಟ್ಟಿನಲ್ಲೇ ಉಸಿರು ಹಿಡಿತಕ್ಕೆ ಬಂತು. ನಾಯಿಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ತೆವಳುತ್ತ ಬಿಸಿಲಿಗೆ ಬಂದೆ.

ಮನೆ ತುಂಬ ಹಬ್ಬಕ್ಕೆ ಬಂದ ನೆಂಟರಿದ್ದರು. ಮೈಯೆಲ್ಲ ಕೆಸರು, ಸೀರೆಗೆ ರಕ್ತ, ಹೆಗಲ ಮೇಲೆ ನಾಯಿ. ಪಡಸಾಲೆಯ ನಡುವೆ ಹಾಗೇ ನಿಂತೆ. ಕಾಕಾ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ನಾಯಿ ಗುಳಿಗಿ ಮತ್ತ ತರ್ತೇನಿ" ಅಂದೆ. "ನಾನೂ ಧಾರವಾಡಕ್ಕ ಹೋಗಿ ನನ್ನ ಗುಳಿಗಿ ತರ್ತೇನಿ. ಎರಡೂ ಇಲ್ಲೆ ಪಡಸಾಲಿ ಗ್ವಾಡ್ಯಾನ ಮಾಡದಾಗ, ಈಬತ್ತಿ ಗಟ್ಟಿ ಪಕ್ಕದಾಗ ಇಡ್ತೇನಿ. ಬಂದವ್ರೆಲ್ಲ ನೋಡ್ಲಿ. ಯಾರು ಮುಟ್ಟತೀರಿ, ಮುಟ್ಟ್ರಿ ನೋಡೋಣು."

"ವಿಭೂತಿ ಪಕ್ಕದಾಗ ನಾಯಿ ಔಷಧಾ?" ಕಾಕಾ ಎದ್ದು ನಿಂತ. "ಅಣ್ಣಾ, ನೀ ಏನರ ಹೇಳ್ತೀಯೋ ಇಲ್ಲೋ?"

ಅಪ್ಪ ಅದೇ ತಾನೇ ಬರಿಗೈಯಲ್ಲಿ ಹಿಂದಿರುಗಿದ್ದ. ನಾಯಿಯ ಸೀಳಿದ ತೊಡೆ ನೋಡಿದ. "ಮಾಡದಾಗ ಜಾಗಾ ಐತಿ" ಅಂದ. ಅಷ್ಟೇ. ಒಳಗಿನಿಂದ ಅವ್ವ ಅರಿಶಿನ, ಹಳೇ ಧೋತರದ ಅರಿವೆ ತಂದು ನಾಯಿಯ ಮುಂದೆ ಕೂತಳು. ನೆಂಟರೆಲ್ಲ ನೋಡುತ್ತಿದ್ದಂತೆಯೇ ಗಾಯ ತೊಳೆದಳು.

ಹಬ್ಬ ಮುಗಿದ ಮೇಲೆ ನಾನು ಧಾರವಾಡಕ್ಕೆ ಹೋದೆ, ಒಬ್ಬಳೇ. ದವಾಖಾನೆಯ ಬೆಂಚಿನಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೂತ ಹೆಂಗಸರ ನಡುವೆ ಸೆರಗು ಸರಿಸಿ ಕೂತೆ. ಎರಡು ಪೊಟ್ಟಣಗಳು ಮಾಡದಲ್ಲಿ ಪಕ್ಕಪಕ್ಕದಲ್ಲಿ ಕೂತವು. ಬೇರೆ ಬೇರೆ ಗುಳಿಗೆ, ಬೇರೆ ಬೇರೆ ಲೆಕ್ಕ. ಬೆರೆಯಬಾರದೆಂದು ನಾಯಿಯದಕ್ಕೆ ಕೆಂಪು ದಾರ ಸುತ್ತಿದ್ದೆ.

ಕೆಲವು ತಿಂಗಳ ನಂತರ ಗಂಡ ಬಂದ. ಚಹಾ ಕುಡಿದು, ಮಾಡದ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ.

"ಅವ್ವ ಕರಕೊಂಡು ಬಾ ಅಂದಾಳ. ಆದ್ರ ಆ ಗುಳಿಗಿ ಎಲ್ಲಾ ಬಿಟ್ಟು ಬರಬೇಕು. ನಾಯಿಗೂ ನಿನಗೂ ಒಂದ ಔಷಧಾ ಅಂತ ನಮ್ಮೂರಾಗ ನಗಾಕತ್ತಾರ."

"ಒಂದ ಅಲ್ಲರಿ. ಅದರದು ಬ್ಯಾರೆ, ನಂದು ಬ್ಯಾರೆ. ಅಂಜಿಕಿ ಮಾತ್ರ ಒಂದ."

"ಹಟಾ ಮಾಡಬ್ಯಾಡ. ಬಿಡಾಕ ಆಗೂದಿಲ್ಲೇನು?"

"ಡಾಕ್ಟರ್ ಬಿಡು ಅಂದಾಗ ಬಿಡ್ತೇನಿ. ನಿಮ್ಮೂರಾವ್ರು ನಗ್ತಾರಂತ ಬಿಡೂದಿಲ್ಲ. ಗುಳಿಗಿ ಸಂಗಾಟ ಕರಕೊಂಡು ಹೋಗ್ತೀರಿ ಅಂದ್ರ ಈಗ ಟ್ರಂಕ್ ತುಂಬತೇನಿ."

ಅವನು ಚಪ್ಪಲಿ ಮೆಟ್ಟಿಕೊಂಡ. ಹೊರಟು ಹೋದ. ಮತ್ತೆ ಬರಲಿಲ್ಲ. ಅವ್ವ ಆ ದಿನವಿಡೀ ಅತ್ತಳು, ನಾನು ಅಳಲಿಲ್ಲ. ಅಳು ಬರಬೇಕಿತ್ತೇನೋ. ನನಗೆ ಹಸಿವಾಗಿತ್ತು, ಹೊಟ್ಟೆ ತುಂಬ ಉಂಡೆ.

ನಾಯಿಯ ಗುಳಿಗೆಯನ್ನು ಡಾಕ್ಟರು ವರ್ಷದ ಮೇಲೆ ನಿಧಾನವಾಗಿ ಇಳಿಸುತ್ತ ಬಂದರು. ಕೊನೆಗೆ ಗುಡುಗಿನ ದಿನಗಳಿಗೆ, ದೀಪಾವಳಿಗೆ ಮಾತ್ರ ಉಳಿಯಿತು. ಪೂರ್ತಿ ವಾಸಿಯಾಯಿತೆಂದು ಹೇಳಲಾರೆ. ಬಾವಿಯ ಹತ್ತಿರ ಅದು ಸಾಯುವವರೆಗೂ ಹೋಗಲಿಲ್ಲ. ನಾವೂ ಎಳೆಯಲಿಲ್ಲ. ಕಾಕಾ ಎಂದೂ ಒಪ್ಪಲಿಲ್ಲ. ಪಡಸಾಲೆಗೆ ಬಂದಾಗಲೆಲ್ಲ ಮಾಡಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಅವನ ಹೋರಿಯನ್ನು ಕಂಡರೆ ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ಹಾನಗಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಬಾಡಿಗೆಗೆ ಒಂದು ಖೋಲಿ ನೋಡಿದೆ. ಮನೆಯ ಯಜಮಾನತಿ ವಯಸ್ಸಾದವರು, ನೇರ ಮಾತಿನವರು.

"ಗಂಡಾ?" ಎಂದು ಕೇಳಿದರು.

"ಇಲ್ರಿ. ನಾಯಿ ಐತಿ."

"ಬೊಗಳತೈತೇನು?"

"ಮಂಗ್ಯಾ ಬಂದ್ರ ಬೊಗಳತೈತ್ರಿ. ಗುಡುಗಿದ್ರ ಗುಳಿಗಿ ತೊಗೋತೈತಿ. ನಾನೂ ದಿನಾ ತೊಗೋತೇನಿ, ನಂದು ಬ್ಯಾರೆ. ಮೊದಲ ಹೇಳೇನಿ, ಆಮ್ಯಾಲೆ ಹೇಳಲಿಲ್ಲ ಅನಬ್ಯಾಡ್ರಿ."

ಅವರು ನನ್ನನ್ನೂ ನಾಯಿಯನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನಂದು ಬಿಪಿ ಗುಳಿಗಿ ಐತವ್ವಾ. ಬರ್ರಿ ಒಳಗ" ಅಂದರು.

ಆ ಖೋಲಿಯಲ್ಲಿ ನಾಯಿ ಮುದಿಯಾಯಿತು. ಮುಖದ ಕೂದಲು ಬೆಳ್ಳಗಾಯಿತು. ಮಧ್ಯಾಹ್ನ ಹೊಲಿಗೆ ತರಗತಿಯಲ್ಲಿ ಯಂತ್ರಗಳು ಒಟ್ಟಿಗೆ ಕಟಕಟ ಓಡುತ್ತಿದ್ದರೆ ಅದು ನನ್ನ ಯಂತ್ರದ ಕಾಲಬಳಿ ಬಟ್ಟೆಯ ತುಂಡುಗಳ ಮೇಲೆ ನಿದ್ದೆ ಹೋಗುತ್ತಿತ್ತು. ಕಲಿಯಲು ಬರುವ ಹುಡುಗಿಯರು ಅದನ್ನು ದಾಟಿಕೊಂಡು ಓಡಾಡುತ್ತಿದ್ದರು. ಒಂದು ಚಳಿಗಾಲ ಅದು ಹಾಗೆಯೇ ಮಲಗಿದ್ದಲ್ಲಿ ಹೋಯಿತು. ಯಜಮಾನತಿಯ ಹಿತ್ತಲಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ಅಪ್ಪ ಸವಣೂರಿನಿಂದ ಬಂದಿದ್ದ.

ನಾನು ನನ್ನ ಗುಳಿಗೆಯನ್ನು ಇನ್ನೂ ನುಂಗುತ್ತೇನೆ. ಮದುವೆಯ ಪಂಕ್ತಿಯಲ್ಲಿ ಕೂತಾಗಲೂ, ಬಸ್ಸಿನಲ್ಲಿ ಕೂತಾಗಲೂ, ಹೊತ್ತಾದರೆ ಎಲ್ಲರೆದುರೇ ಚೀಲದಿಂದ ತೆಗೆದು ನೀರು ಕುಡಿಯುತ್ತೇನೆ. ಏನು ಬೇನೆ ಎಂದು ಕೇಳಿದವರಿಗೆ ಅಂಜಿಕೆ ಎನ್ನುತ್ತೇನೆ. ಕೆಲವರು ಮುಖ ತಿರುಗಿಸುತ್ತಾರೆ. ಕೆಲವರು ಹತ್ತಿರ ಸರಿದು, ಯಾರಿಗೂ ಕೇಳದ ದನಿಯಲ್ಲಿ, ಯಾವ ಡಾಕ್ಟರು ಎಂದು ಕೇಳುತ್ತಾರೆ. ಜೋರಾಗಿ ಕೇಳಿ ಎಂದು ಅವರಿಗೆ ಹೇಳುತ್ತೇನೆ.